ಫಲಿತಾಂಶಕ್ಕೆ ಮುಂಚಿನ ತಾಂಬೂಲ

ಮೇಷ್ಟ್ರುಗಳ ಎದುರು ಮಹಾಬಲೇಶ್ವರನಿಗೆ ನಾಲಿಗೆ ಏಳುತ್ತಿರಲಿಲ್ಲ. ಹಾಗಂತ ಅವನೇನು ಮೂಕಬಸವನಲ್ಲ. ಡಚ್ಚರ ದೇಶದ ರೈಸ್‌ವೈಕ್ ಎಂಬ ಊರಿನ ಆಫೀಸಿನಲ್ಲಿ ಅವನು ಟೆಸ್ಟಿಂಗ್ ತಂಡದ ಮುಖ್ಯಸ್ಥ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದೇ ಅವನ ಹೊಟ್ಟೆಪಾಡು. ಆರೂವರೆ ಅಡಿ ಎತ್ತರದ ಡಚ್ಚರನ್ನು ಎದುರು ಕೂರಿಸಿಕೊಂಡು, ಇದು ಸರಿಯಿಲ್ಲ, ವಾಪಸ್ ತಗೊಂಡು ಹೋಗಿ ಎಂದು ಹೇಳಿ ಅಭ್ಯಾಸವಾದವನು. ಆದರೆ ಎದುರಿಗೆ ಕೂತವರು ಪಾಠ ಹೇಳುವವರು ಎಂದು ಗೊತ್ತಾದರೆ ಸಾಕು, ಐವತ್ತರ ಆ ಗಂಡಸು ಮೈಸೂರಿನ ಹೈಸ್ಕೂಲಿನ ಹಿಂದಿನ ಬೆಂಚಿಗೆ ಮರಳಿ ಹೋಗಿಬಿಡುತ್ತಿದ್ದ. ನಮ್ಮಲ್ಲಿ ಇದಕ್ಕೆ ವಿನಯ ಎಂದು ಹೆಸರು. ನಾಲ್ಕು ಜನ ಹೊಗಳುತ್ತಾರೆ ಕೂಡ. ಇದೇ ವಿನಯ ಮನೆಯ ಮಗಳ ಬದುಕನ್ನು ತಿಂದುಹಾಕಿತು ಎಂದರೆ ನಂಬುವುದು ಕಷ್ಟ, ಆದ್ದರಿಂದ ಮೊದಲಿನಿಂದ ಹೇಳಬೇಕು.

ಒಂಬತ್ತು ವರ್ಷದ ಹಿಂದಿನ ಮಾತು. ಮೈಸೂರಿನಿಂದ ಬಂದು ಒಂದೂವರೆ ವರ್ಷವಾಗಿತ್ತು. ಮಗಳು ಹಿತಾ ಹನ್ನೊಂದರ ಹುಡುಗಿ, ಪ್ರೈಮರಿ ಶಾಲೆಯ ಕೊನೆಯ ತರಗತಿ. ಆ ದೇಶದಲ್ಲಿ ಮಗು ಮುಂದೆ ಯಾವ ಶಾಲೆಗೆ ಹೋಗಬೇಕೆಂಬುದು ಹನ್ನೆರಡು ತುಂಬುವ ಹೊತ್ತಿಗೇ ತೀರ್ಮಾನವಾಗುತ್ತದೆ. ಮೇಲಿನ ಶಾಲೆಗೆ ಹೋದವರು ನೇರ ವಿಶ್ವವಿದ್ಯಾಲಯಕ್ಕೆ. ಕೆಳಗಿನದಕ್ಕೆ ಹೋದವರು ಕಸುಬು ಕಲಿತು ಕೆಲಸಕ್ಕೆ. ತೀರ್ಮಾನ ಕ್ಲಾಸ್ ಟೀಚರದ್ದು. ಆತನ ಹೆಸರು ಕೇಸ್, ಮಕ್ಕಳು 'ಮೇಸ್ಟರ್ ಕೇಸ್' ಎಂದು ಕರೆಯುತ್ತಿದ್ದವು. "ನೋಡಿದ್ಯೇನೇ, ಇಲ್ಲೂ ಮೇಷ್ಟ್ರು ಅಂತಾನೇ ಕರೀತಾರೆ" ಎಂದು ಮಹಾಬಲೇಶ್ವರ ಹೆಂಡತಿ ಊರ್ಮಿಳಾಳ ಹತ್ತಿರ ಹೇಳಿಕೊಂಡು ಹಿಗ್ಗಿದ್ದ.

ತಂದೆತಾಯಿಗೆ ಮಾತಾಡಲು ಹತ್ತು ನಿಮಿಷ ಕೊಡುತ್ತಿದ್ದರು. ಇವನಿಗಿಂತ ಮುಂಚೆ ಒಳಗೆ ಹೋದ ಒಬ್ಬ ಹೆಂಗಸು ಇಪ್ಪತ್ತೈದು ನಿಮಿಷ ಜಗಳವಾಡಿದಳು. ಗಾಜಿನ ಬಾಗಿಲಾಚೆಗೂ ದನಿ ಕೇಳುತ್ತಿತ್ತು. ಎಂಥ ಗಯ್ಯಾಳಿ, ಮೇಷ್ಟ್ರಿಗೆ ಎದುರಾಡ್ತಾಳಲ್ಲ ಎಂದುಕೊಂಡ ಇವನು. ಗಯ್ಯಾಳಿಯ ಮಗನಿಗೆ ಆಮೇಲೆ ಒಂದು ಮೆಟ್ಟಿಲು ಮೇಲಿನ ಶಾಲೆ ಸಿಕ್ಕಿತು. ಇವನ ಸರದಿ ಬಂದಾಗ ಮೇಸ್ಟರ್ ಕೇಸ್, ಹಿತಾ ಒಳ್ಳೆಯ ಹುಡುಗಿ, ಗಣಿತ ಚೆನ್ನಾಗಿದೆ, ಡಚ್ ಭಾಷೆ ಸಾಲದು, ಆದ್ದರಿಂದ ಕೆಳಗಿನ ಶಾಲೆಯೇ ಸೂಕ್ತ, ಅಲ್ಲಿ ಅವಳು ಸಂತೋಷವಾಗಿರುತ್ತಾಳೆ ಎಂದ. ಹೇಳಿ, ಪೆನ್ನು ಕೆಳಗಿಟ್ಟು, ಇವನ ಮುಖವನ್ನೇ ನೋಡುತ್ತ ಕಾದ. ಮಗು ಬಂದು ಒಂದೂವರೆ ವರ್ಷ ಆಯಿತಷ್ಟೇ, ಭಾಷೆ ಬರುತ್ತೆ, ತಾಳಿ ಎಂದು ಒಂದು ಮಾತು ಆಡಿದ್ದರೆ ಸಾಕಿತ್ತೇನೋ. ಮಹಾಬಲೇಶ್ವರ "ಥ್ಯಾಂಕ್ಯೂ ಸರ್" ಎಂದು ಹೇಳಿ, ಮುಂದಿಟ್ಟ ಹಾಳೆಯನ್ನು ಓದದೆ ಸಹಿ ಹಾಕಿದ. ನಾಲ್ಕು ನಿಮಿಷವೂ ಆಗಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಹಿತಾ "ಏನಂದ್ರು ಅಪ್ಪ?" ಎಂದಳು.

"ಒಳ್ಳೇ ಹುಡುಗಿ ಅಂದ್ರು ಪುಟ್ಟಿ."

ಒಳ್ಳೇ ಹುಡುಗಿ ನಾಲ್ಕು ವರ್ಷ ಕೆಳಗಿನ ಶಾಲೆಯಲ್ಲಿ ಕಳೆದಳು. ಮೇಲೆ ನಾಲ್ಕು ವರ್ಷ, ಗೋದಾಮು ಮತ್ತು ಸಾಗಣೆಯ ಕೆಲಸ ಕಲಿಸುವ ಕಾಲೇಜಿನಲ್ಲಿ. ವಿಮಾನ ನಿಲ್ದಾಣದ ಪಕ್ಕದ ಬಾಡ್‌ಹೂವೆಡಾರ್ಪಿನಲ್ಲಿದ್ದ ಇವರ ಸ್ನೇಹಿತ ನರಹರಿಯ ಮಗ ಆದಿತ್ಯ ಅವಳಿಗಿಂತ ಎರಡೇ ತಿಂಗಳು ದೊಡ್ಡವನು, ಗಣಿತದಲ್ಲಿ ಅವಳ ಅರ್ಧಕ್ಕೂ ಬರುವವನಲ್ಲ. ಅವನಿಗೂ ಅದೇ ಕೆಳಗಿನ ಶಾಲೆ ಎಂದಿದ್ದರು. ನರಹರಿ ಮೂರು ಸಲ ಹೋಗಿ ಕಾದಾಡಿ ಬದಲಾಯಿಸಿಕೊಂಡು ಬಂದ. ನರಹರಿಗೆ ಮೇಷ್ಟ್ರ ಭಯವಿರಲಿಲ್ಲ. ಅವನ ಅಪ್ಪನೇ ಮೇಷ್ಟ್ರು. ಆದಿತ್ಯ ಡಿಗ್ರಿ ಮುಗಿಸುವ ಹೊತ್ತಿಗೆ ಹಿತಾ ಇನ್ನೂ ವಿಶ್ವವಿದ್ಯಾಲಯದ ಗೇಟನ್ನೂ ಕಂಡಿರಲಿಲ್ಲ.

ಹದಿನೇಳರ ವಯಸ್ಸಿನಲ್ಲಿ ಒಂದು ದಿನ, ಯಾವುದೋ ಕಾಗದ ಹುಡುಕುವಾಗ ಅವಳಿಗೆ ಆ ಹಳೆಯ ಹಾಳೆ ಸಿಕ್ಕಿತ್ತು. ಕೆಳಗೆ ಅಪ್ಪನ ಸಹಿ. ಅದರ ಮೇಲೆ, 'ಪೋಷಕರ ಆಕ್ಷೇಪಣೆ ಇದ್ದಲ್ಲಿ ಇಲ್ಲಿ ಬರೆಯಿರಿ' ಎಂದು ಐದು ಖಾಲಿ ಗೆರೆಗಳು.

"ಇದನ್ನ ಓದಿ ಸೈನ್ ಮಾಡಿದ್ರಾ ಅಪ್ಪ?"

"ಮೇಷ್ಟ್ರು ಹೇಳಿದ್ರಲ್ಲ ಪುಟ್ಟಿ."

ಅವಳು ಹಾಳೆ ಮಡಿಸಿ ಒಳಗಿಟ್ಟಳು. ಆಮೇಲೆ ಆ ಮಾತು ಎತ್ತಲಿಲ್ಲ. ಎತ್ತಿ ಬೈದಿದ್ದರೆ ಮಹಾಬಲೇಶ್ವರನಿಗೆ ಎಷ್ಟೋ ಹಗುರವಾಗುತ್ತಿತ್ತು.

ಕೆಳಗಿನಿಂದ ಹತ್ತುವವರಿಗೂ ಆ ದೇಶದಲ್ಲಿ ಒಂದು ದಾರಿ ಇದೆ, ಇಲ್ಲವೆನ್ನುವಂತಿಲ್ಲ. ಕಸುಬಿನ ಕಾಲೇಜಿನಿಂದ 'ಹೋಗೆಸ್ಕೂಲ್' ಎಂಬ ನಡುವಿನ ಕಾಲೇಜಿಗೆ ಬಂದು, ಅಲ್ಲಿ ಪ್ರತಿ ಪೇಪರ್ ಪಾಸಾದಾಗ ಸಿಗುವ ಕ್ರೆಡಿಟ್ ಅಂಕಗಳನ್ನು, ಮೊದಲ ವರ್ಷದ ಅರವತ್ತನ್ನೂ ಒಂದೂ ಬಿಡದೆ ಗಳಿಸಿದರೆ ವಿಶ್ವವಿದ್ಯಾಲಯದ ಬಾಗಿಲು ತೆರೆಯುತ್ತದೆ. ಹಿತಾಳಿಗೆ ಬೇಕಾಗಿದ್ದು ಇಕಾನೊಮೆಟ್ರಿಕ್ಸ್, ಅರ್ಥಶಾಸ್ತ್ರವನ್ನು ಗಣಿತದಿಂದ ಅಳೆಯುವ ವಿದ್ಯೆ. ಆ ವಿಷಯಕ್ಕೆ ಅರವತ್ತು ಅಂಕ ಸಾಲದು, ಹೊರಗಿನ ಕಠಿಣ ಗಣಿತ ಪರೀಕ್ಷೆಯೊಂದನ್ನೂ ಪಾಸು ಮಾಡಬೇಕು. ಎಲ್ಲ ಪುರಾವೆಗಳೂ ಆಗಸ್ಟ್ ಮೂವತ್ತೊಂದರೊಳಗೆ ವಿಶ್ವವಿದ್ಯಾಲಯದ ಕೈ ಸೇರಬೇಕು. ಇನ್ನೊಂದು ಮಾತನ್ನೂ ಅವರು ಸ್ಪಷ್ಟವಾಗಿ ಬರೆದಿದ್ದರು: ಈ ವಿಷಯಕ್ಕೆ ಈ ದಾರಿ ಈ ವರ್ಷವೇ ಕೊನೆ, ಮುಂದಿನ ವರ್ಷದಿಂದ ಮುಚ್ಚುತ್ತೇವೆ.

ಆ ವರ್ಷ ಹುಡುಗಿ ಓದಿದ ಓದು ನೋಡಿದವರಿಗೇ ಗೊತ್ತು. ವಾರಕ್ಕೆ ಮೂರು ದಿನ ಸೂಪರ್ ಮಾರ್ಕೆಟ್ಟಿನಲ್ಲಿ ಕೆಲಸ, ಉಳಿದ ಹೊತ್ತೆಲ್ಲ ಪುಸ್ತಕ. ಗಣಿತದ ಹೊರಗಿನ ಪರೀಕ್ಷೆಯನ್ನು ಜೂನ್‌ನಲ್ಲಿ ಗೆದ್ದಳು. ಐವತ್ತೇಳು ಅಂಕ ಸೇರಿದವು. ಉಳಿದದ್ದು ಮೂರು ಅಂಕದ ಒಂದೇ ಪೇಪರ್, ಸಂಭವನೀಯತೆ. ಏಪ್ರಿಲ್‌ನಲ್ಲಿ ಜ್ವರದಲ್ಲಿ ಬರೆದು ಕೂದಲೆಳೆಯಲ್ಲಿ ಹೋಗಿತ್ತು. ಜುಲೈ ಒಂದರಂದು ಮತ್ತೆ ಬರೆದು ಬಂದು, ಶೂ ಬಿಚ್ಚುತ್ತಲೇ "ಚೆನ್ನಾಗಾಯ್ತು" ಎಂದಳು. ಹಿತಾ ಸುಮ್ಮಸುಮ್ಮನೆ ಚೆನ್ನಾಗಾಯ್ತು ಎನ್ನುವವಳಲ್ಲ. ಆದರೆ ಏಪ್ರಿಲ್‌ನಲ್ಲಾದದ್ದನ್ನು ನೋಡಿದ್ದ ಮಹಾಬಲೇಶ್ವರನ ಹೊಟ್ಟೆಯೊಳಗೆ ಅನುಮಾನದ ಹುಳ ಹೊಕ್ಕಿತ್ತು.

ಫಲಿತಾಂಶ ಹದಿನೆಂಟಕ್ಕೆ ಎಂದಿದ್ದರು. ಹತ್ತಕ್ಕೆ ಗುರುಪೂರ್ಣಿಮೆ ಬಂತು.

ಮಹಾಬಲೇಶ್ವರನೂ ಪಕ್ಕದ ಬಾಗಿಲಿನಿಂದಲೇ ಒಳಗೆ ಬಂದವನು. ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮಾಡಿ, ಆಮೇಲೆ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರ ಸೇರಿದವನು. ಆಗ ಅವನಿಗೆ ಸಂಜೆ ಹೊತ್ತು ಮನೆಯಲ್ಲಿ ಕೂರಿಸಿಕೊಂಡು ಗಣಿತ ಹೇಳಿಕೊಟ್ಟವರು ನಾರಾಯಣಸ್ವಾಮಿ ಮೇಷ್ಟ್ರು, ಒಂದು ಕಾಸೂ ಮುಟ್ಟದೆ. ಆ ವರ್ಷವೂ ಫಲಿತಾಂಶಕ್ಕೆ ಒಂದು ವಾರ ಮುಂಚೆ ಗುರುಪೂರ್ಣಿಮೆ ಬಿದ್ದಿತ್ತು. ಅವ್ವ ಕೊಟ್ಟುಕಳಿಸಿದ ಫಲತಾಂಬೂಲವನ್ನು ಮೇಷ್ಟ್ರ ಮುಂದಿಟ್ಟು ಅಡ್ಡಬಿದ್ದಿದ್ದ. ಬೇಡ ಬೇಡ ಎನ್ನುತ್ತಲೇ ತೆಗೆದುಕೊಂಡು, ಬೋಳುತಲೆ ಆಡಿಸುತ್ತ ಅವರು "ಪಾಸಾಗ್ತೀಯ ಹೋಗೋ" ಎಂದಿದ್ದರು. ಪಾಸಾಗಿದ್ದ. ಇದರಲ್ಲಿ ಯಾವುದು ಯಾವುದರಿಂದ ಆಯಿತು ಎಂದು ಅವನು ಯಾವತ್ತೂ ಕೇಳಿಕೊಂಡಿರಲಿಲ್ಲ. ಬೇರೆಯವರ ಪ್ರೋಗ್ರಾಮನ್ನು ಜರಡಿ ಹಿಡಿಯುವವನು ಸ್ವಂತದ್ದನ್ನು ಹಿಡಿಯಲಿಲ್ಲ.

ಬೆಳಗ್ಗೆಯೇ ಹೇಗ್ ನಗರದಲ್ಲಿ ಭಾರತ ಮೂಲದ ಸೂರಿನಾಮಿಗಳು ಇಟ್ಟಿದ್ದ ಅಂಗಡಿಗೆ ಹೋಗಿ ತೆಂಗಿನಕಾಯಿ, ಬಾಳೆಹಣ್ಣು, ವೀಳ್ಯದೆಲೆ ತಂದ. ಊರ್ಮಿಳಾ ಬೀರುವಿನಿಂದ ಹೊಸ ಶಾಲು ತೆಗೆದುಕೊಟ್ಟಳು. ಲಕ್ಷ್ಮಿಯ ಅಚ್ಚಿರುವ ಬೆಳ್ಳಿ ನಾಣ್ಯವೊಂದನ್ನೂ ತೆಗೆದಳು. ದಕ್ಷಿಣೆಯಿಲ್ಲದ ತಾಂಬೂಲ ತಾಂಬೂಲವಲ್ಲ. ತೆಗೆದವಳು ಅದನ್ನು ಕೈಯಲ್ಲೇ ಹಿಡಿದು ನಿಂತಳು.

"ರೀ, ರಿಸಲ್ಟ್ ಬಂದ್ಮೇಲೆ ಕೊಟ್ರೆ ಆಗಲ್ವಾ?"

"ರಿಸಲ್ಟ್ ಬಂದ್ಮೇಲೆ ಕೊಟ್ರೆ ಅದು ವ್ಯಾಪಾರ ಕಣೆ. ಕೆಲಸ ಆಯ್ತು, ತಗೊಳ್ಳಿ ಅಂದ ಹಾಗೆ. ಮುಂಚೆ ಕೊಟ್ರೇನೇ ಭಕ್ತಿ."

"ಹಿತಾಗಾದ್ರೂ ಒಂದ್ಮಾತು ಹೇಳಿ."

"ಅವಳು ಬೇಡ ಅಂತಾಳೆ. ಟೀಚರ್‌ನ ಹೆಸ್ರು ಹಿಡಿದು ಕರಿಯೋ ಹುಡುಗಿ ಅವ್ಳು. ಗುರು ಅಂದ್ರೆ ಏನು ಅಂತ ಇಲ್ಲಿಯವ್ರಿಗೆ ಗೊತ್ತಿಲ್ಲ."

ಹೆಂಡತಿ ನಾಣ್ಯವನ್ನು ಎಲೆಯ ಕೆಳಗಿಟ್ಟಳು. ಹಿತಾ ಸೂಪರ್ ಮಾರ್ಕೆಟ್ಟಿಗೆ ಹೋಗಿಯಾಗಿತ್ತು. ಮಹಾಬಲೇಶ್ವರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸ್ಟೀಲ್ ತಟ್ಟೆಯನ್ನು ಬಟ್ಟೆಚೀಲದಲ್ಲಿ ನೆಟ್ಟಗೆ ಹಿಡಿದು, ಒಂದನೇ ನಂಬರಿನ ಟ್ರಾಮ್ ಹತ್ತಿದ.

ಸಂಭವನೀಯತೆ ಹೇಳಿಕೊಡುವವಳು ಅನ್ನೆಕೆ ಎಂಬಾಕೆ, ನಲವತ್ತರ ಹತ್ತಿರದ ಹೆಂಗಸು. ಕಾಲೇಜಿನ ಮೂರನೇ ಮಹಡಿಯ ಕೋಣೆಯಲ್ಲಿ ಇನ್ನಿಬ್ಬರು ಅಧ್ಯಾಪಕರ ಜೊತೆ ಕೂತು ಉತ್ತರಪತ್ರಿಕೆಗಳ ಕಟ್ಟು ಬಿಚ್ಚುತ್ತಿದ್ದಳು. ಒಳಗೆ ಬಂದ ಭಾರತೀಯ ತನ್ನ ವಿದ್ಯಾರ್ಥಿನಿಯ ತಂದೆ ಎಂದು ತಿಳಿದು ನಗುತ್ತ ಕೈ ಚಾಚಿದಳು. ಇವನು ಕೈ ಕುಲುಕುವ ಬದಲು ಶಾಲು ಬಿಡಿಸಿ ಹೊದಿಸಿದ. ತಟ್ಟೆ ಮುಂದೆ ಮಾಡಿದ. ಆಕೆಯ ಮುಖ ಕೆಂಪಾಯಿತು. ತುಂಬ ಚೆನ್ನಾಗಿದೆ, ಆದರೆ ನಾನು ಇದನ್ನು ತೆಗೆದುಕೊಳ್ಳುವ ಹಾಗಿಲ್ಲ ಎಂದಳು. ಮಹಾಬಲೇಶ್ವರನಿಗೆ ಕಣ್ಣು ತುಂಬಿ ಬಂತು. ನಾರಾಯಣಸ್ವಾಮಿ ಮೇಷ್ಟ್ರೂ ಬೇಡ ಬೇಡ ಎಂದೇ ಅಂದಿದ್ದರಲ್ಲ. ಅವನು ತಟ್ಟೆಯನ್ನು ಮೇಜಿನ ಮೇಲೆ, ಉತ್ತರಪತ್ರಿಕೆಗಳ ಪಕ್ಕದಲ್ಲಿ ಇಟ್ಟ. ಬಾಗಿ ನಮಸ್ಕರಿಸಿದ. "ನನ್ನ ಮಗಳ ಭವಿಷ್ಯ ನಿಮ್ಮ ಕೈಯಲ್ಲಿದೆ ಮೇಡಮ್, ಸ್ವಲ್ಪ ನೋಡಿಕೊಳ್ಳಿ" ಎಂದು ಇಂಗ್ಲಿಷಿನಲ್ಲಿ ಹೇಳಿದ. ಹೇಳಿ ಹೊರಟ. ಆಕೆ ತಟ್ಟೆ ಹಿಡಿದುಕೊಂಡು ಲಿಫ್ಟಿನ ತನಕ ಹಿಂದೆಯೇ ಓಡಿಬಂದಳು. ಬೀಳ್ಕೊಡಲು ಇಷ್ಟು ದೂರ ಬಂದಳಲ್ಲ, ಎಂಥ ದೊಡ್ಡ ಮನಸ್ಸು ಎಂದು ಇವನು ಮುಚ್ಚುತ್ತಿದ್ದ ಬಾಗಿಲಿನ ನಡುವಿನಿಂದ ಕೈ ಮುಗಿದ. ಟ್ರಾಮಿನಲ್ಲಿ ವಾಪಸು ಬರುವಾಗ ಹೊಟ್ಟೆಯ ಹುಳ ಸುಮ್ಮನಾಗಿತ್ತು. ಎಷ್ಟೋ ದಿನದ ಮೇಲೆ ಅವನು ಸಂತೋಷವಾಗಿದ್ದ.

ಮಾರನೇ ದಿನ ಮಧ್ಯಾಹ್ನ ಹಿತಾ ಫೋನ್ ಕೈಯಲ್ಲಿ ಹಿಡಿದುಕೊಂಡೇ ಮನೆಯೊಳಗೆ ಬಂದಳು.

"ಅಪ್ಪ, ನೀವು ಅನ್ನೆಕೆ ಹತ್ರ ಹೋಗಿದ್ರಾ?"

"ಹೂಂ. ನಿನಗೆ ಆಮೇಲೆ ಹೇಳೋಣ ಅಂತ..."

"ಸಿಲ್ವರ್ ಕೊಟ್ರಾ?"

"ಗುರುಪೂರ್ಣಿಮೆ ಅಲ್ವೇನಮ್ಮ. ದಕ್ಷಿಣೆ ಇಲ್ದೆ ಹೇಗೆ?"

ಹಿತಾ ನಿಂತ ಜಾಗದಲ್ಲೇ, ಚಪ್ಪಲಿ ಗೂಡಿನ ಪಕ್ಕ ನೆಲಕ್ಕೆ ಕುಕ್ಕರಿಸಿದಳು. "ಅವ್ರು ನನ್ನ ಪೇಪರ್ ಇನ್ನೂ ಕರೆಕ್ಟ್ ಮಾಡಿರ್ಲಿಲ್ಲ ಅಪ್ಪ. ಅದು ಟೇಬಲ್ ಮೇಲೇ ಇತ್ತು. ಇಬ್ರು ನೋಡ್ತಾ ಇದ್ರು. ರಿಪೋರ್ಟ್ ಮಾಡ್ಲೇಬೇಕು ಅವ್ರು, ಇಲ್ಲಾಂದ್ರೆ ಅವ್ರ ಕೆಲ್ಸ ಹೋಗತ್ತೆ. ಈಗ ಎಕ್ಸಾಮ್ ಕಮಿಷನ್ ಮುಂದೆ ಹೋಗ್ಬೇಕು, ನಾನೂ ನೀವೂ. ಲಂಚ ಅಂತಿದಾರೆ."

ಲಂಚ ಎಂಬ ಮಾತನ್ನು ಅವಳು ಕನ್ನಡದಲ್ಲೇ ಹೇಳಿದಳು. ಮಹಾಬಲೇಶ್ವರ ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಯಾರಿಂದಲೂ ಒಂದು ಡೈರಿಯನ್ನೂ ಪುಕ್ಕಟೆ ತೆಗೆದುಕೊಂಡವನಲ್ಲ. ಆ ಮಾತು ಅವನ ಕೆನ್ನೆಗೆ ಬಿತ್ತು. "ತಾಂಬೂಲಕ್ಕೆ ಲಂಚ ಅಂತಾರಾ?" ಎಂದು ಕೂಗಾಡಿದ. ಊರ್ಮಿಳಾ ಅಡಿಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ನಾಣ್ಯ ಇಟ್ಟ ಕೈ ಅವಳದೇ.

"ಕಮಿಷನ್ನು ಹದಿನಾರಕ್ಕೆ ಕೂತ್ಕೊಳತ್ತೆ" ಎಂದಳು ಹಿತಾ, ನೆಲ ನೋಡುತ್ತ. "ಅದು ವೆಕೇಷನ್ ಮುಂಚೆ ಲಾಸ್ಟ್. ಇದು ಬರೀ ಕಸ್ಟಮ್, ಇನ್ಫ್ಲುಯೆನ್ಸ್ ಮಾಡೋ ಉದ್ದೇಶ ಇರ್ಲಿಲ್ಲ ಅಂತ ಅವ್ರಿಗೆ ಅನ್ಸಿದ್ರೆ, ಅನ್ನೆಕೆನೇ ಪೇಪರ್ ನೋಡ್ತಾರೆ, ಹದಿನೆಂಟಕ್ಕೆ ರಿಸಲ್ಟ್ ಬರತ್ತೆ. ಇಲ್ಲ ಅಂದ್ರೆ ಬೇರೆಯವ್ರು ನೋಡ್ಬೇಕು. ಅದು ಸೆಪ್ಟೆಂಬರ್‌ಗೆ. ಸೆಪ್ಟೆಂಬರ್ ಅಂದ್ರೆ ಮುಗೀತು."

ಹದಿನಾರರಂದು ಅಪ್ಪ ಮಗಳು ಅದೇ ಒಂದನೇ ನಂಬರಿನ ಟ್ರಾಮಿನಲ್ಲಿ ಅಕ್ಕಪಕ್ಕ ಕೂತು ಹೋದರು. ಹಿತಾ ಗಿಳಿಗೆ ಹೇಳಿಕೊಡುವ ಹಾಗೆ ಹೇಳಿಕೊಟ್ಟಳು.

"ಏನು ಕೇಳಿದ್ರೂ ಒಂದೇ ಉತ್ತರ. ನಮ್ಮ ಹಬ್ಬ ಇತ್ತು, ಟೀಚರ್ಸ್‌ಗೆ ಗೌರವ ಕೊಡೋದು ಪದ್ಧತಿ, ಇಲ್ಲಿ ರೂಲ್ ಗೊತ್ತಿರ್ಲಿಲ್ಲ, ಸಾರಿ. ಅಷ್ಟೇ. ಅದು ನಿಜಾನೇ ಅಲ್ವಾ?"

"ನಿಜವೇ."

"ಹಾಗಿದ್ರೆ ಸುಳ್ಳೇನೂ ಹೇಳ್ಬೇಕಾಗಿಲ್ಲ. ಇನ್ನೊಂದು ಮಾತು ಆಡ್ಬೇಡಿ ಅಪ್ಪ. ಪ್ಲೀಸ್."

ಪ್ಲೀಸ್ ಎನ್ನುವಾಗ ಅವನ ಮೊಣಕೈ ಹಿಡಿದುಕೊಂಡಳು. ಸಣ್ಣವಳಿದ್ದಾಗ ರಸ್ತೆ ದಾಟುವಾಗ ಹಾಗೇ ಹಿಡಿಯುತ್ತಿದ್ದಳು. ಮಹಾಬಲೇಶ್ವರ ಮನಸ್ಸಿನಲ್ಲೇ ಆಣೆಯಿಟ್ಟ. ಆಡಬೇಕಾದ ಕಡೆ ಒಂದು ಸಲ ಬಾಯಿ ಮುಚ್ಚಿದ್ದೆ, ಇವತ್ತು ಮಗಳು ಹೇಳಿದ್ದನ್ನು ಹೇಳುತ್ತೇನೆ ಎಂದುಕೊಂಡ.

ಕೋಣೆಯಲ್ಲಿ ಮೂವರಿದ್ದರು. ಕಾಫಿ ಕೊಟ್ಟರು, ಬಿಸ್ಕತ್ತು ಕೊಟ್ಟರು. ಯಾರೂ ದನಿ ಎತ್ತಲಿಲ್ಲ. ಮೇಜಿನ ಆ ತುದಿಯಲ್ಲಿ ಪಾರದರ್ಶಕ ಚೀಲದೊಳಗೆ ಇವರ ಶಾಲು, ತೆಂಗಿನಕಾಯಿ, ಬೆಳ್ಳಿ ನಾಣ್ಯ. ಬಾಳೆಹಣ್ಣು ಕಪ್ಪಾಗಿತ್ತು. ಹಿರಿಯನಾದ ಅಧ್ಯಕ್ಷ ಬಿಳಿಕೂದಲಿನ ಮನುಷ್ಯ, ಮೂಗಿನ ತುದಿಗೆ ಕನ್ನಡಕ. ಅವನು ಮೊದಲು ಹಿತಾಳನ್ನು ಕೇಳಿದ. ನನಗೆ ಗೊತ್ತಿರಲಿಲ್ಲ ಎಂದಳು. ನಂಬುತ್ತೇವೆ ಎಂದ. ಆಮೇಲೆ ಇವನ ಕಡೆ ತಿರುಗಿದ.

ಮಹಾಬಲೇಶ್ವರ ಪಾಠ ಒಪ್ಪಿಸಿದ. ಹಬ್ಬ, ಗೌರವ, ಪದ್ಧತಿ, ಕ್ಷಮಿಸಿ. ಬಲಗಡೆ ಕೂತ ಹೆಂಗಸು ತಲೆದೂಗಿ ಬರೆದುಕೊಂಡಳು. ತನ್ನ ಗಂಡ ಇಂಡೋನೇಷ್ಯಾ ಮೂಲದವನು, ಇಂಥದ್ದು ಅರ್ಥವಾಗುತ್ತದೆ ಎಂದಳು. ಪಕ್ಕದಲ್ಲಿ ಹಿತಾ ಉಸಿರು ಬಿಟ್ಟದ್ದು ಇವನಿಗೆ ಕೇಳಿಸಿತು. ಕೆಲಸ ಮುಗಿದಿತ್ತು. ಎದ್ದು ಬರಬಹುದಿತ್ತು.

ಅಷ್ಟರಲ್ಲಿ ಅಧ್ಯಕ್ಷ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಸರ್, ನಾನೂ ಮೂವತ್ತೆಂಟು ವರ್ಷ ಗಣಿತ ಹೇಳಿಕೊಟ್ಟವನು" ಎಂದ, ಸಾವಧಾನವಾಗಿ. "ನಿಯಮಕ್ಕಾಗಿ ಅಲ್ಲ, ತಿಳಿದುಕೊಳ್ಳಲು ಕೇಳುತ್ತಿದ್ದೇನೆ. ಆ ತಟ್ಟೆ ಇಡುವಾಗ, ಈಕೆ ನನ್ನ ಮಗಳ ಪತ್ರಿಕೆಯನ್ನು ಸ್ವಲ್ಪ ಕರುಣೆಯಿಂದ ನೋಡಲಿ ಎಂಬ ಆಸೆ ನಿಮ್ಮ ಮನಸ್ಸಿನಲ್ಲಿ ಇತ್ತೇ?"

ಇಲ್ಲ ಎನ್ನಲು ಎರಡಕ್ಷರ ಸಾಕು. ಮಹಾಬಲೇಶ್ವರ ಬಾಯಿ ತೆರೆದ. ಎದುರಿಗಿದ್ದದ್ದು ಮೂವತ್ತೆಂಟು ವರ್ಷ ಗಣಿತ ಹೇಳಿದ ಬಿಳಿತಲೆ. ಮೇಷ್ಟ್ರ ಮುಂದೆ ಸುಳ್ಳು ಹೇಳಿದರೆ ವಿದ್ಯೆ ಹತ್ತುವುದಿಲ್ಲ ಎಂದು ಅವ್ವ ಹೇಳುತ್ತಿದ್ದಳು. ನಾರಾಯಣಸ್ವಾಮಿ ಮೇಷ್ಟ್ರು ಉತ್ತರ ತಪ್ಪಿದರೆ ಬೈಯುತ್ತಿರಲಿಲ್ಲ, ಉತ್ತರ ಕದ್ದರೆ ಮಾತ್ರ ಬೈಯುತ್ತಿದ್ದರು. ಅವನ ಹೊಟ್ಟೆಯೊಳಗಿನ ಹುಳ ಅವನಿಗೇ ಗೊತ್ತಿತ್ತು. ಅದು ಸಾಸಿವೆಯಷ್ಟಿತ್ತು, ಆದರೆ ಇತ್ತು.

"ಸ್ವಲ್ಪ ಇತ್ತು ಸರ್" ಎಂದ.

ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆ ನಮ್ಮಲ್ಲಿರುವುದು ಸುಮ್ಮನೆ ಅಲ್ಲ. ಬಲಗಡೆಯ ಹೆಂಗಸು ಪೆನ್ನು ನಿಲ್ಲಿಸಿದಳು. ಹಿತಾ ಅಪ್ಪನ ಕಡೆ ತಿರುಗಲಿಲ್ಲ, ಎದುರಿನ ಗೋಡೆಯನ್ನು ನೋಡುತ್ತ ಕೂತಳು. ಅಧ್ಯಕ್ಷ ಎದ್ದು ಬಂದು, ಎರಡೂ ಕೈಗಳಿಂದ ಮಹಾಬಲೇಶ್ವರನ ಕೈ ಹಿಡಿದು, ನಿಮ್ಮ ಪ್ರಾಮಾಣಿಕತೆಗೆ ಮನಸ್ಸಿನಿಂದ ಧನ್ಯವಾದ ಎಂದ. ಅವನು ನಿಜವಾಗಿಯೇ ಹಾಗೆ ಹೇಳಿದ. ಕೆಟ್ಟವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ, ಅದೇ ಕಷ್ಟ.

ವಾಪಸು ಬರುವಾಗ ಟ್ರಾಮಿನಲ್ಲಿ ಜಾಗ ಬೇಕಾದಷ್ಟಿತ್ತು. ಹಿತಾ ನಿಂತೇ ಬಂದಳು. ಇಳಿಯುವ ಸ್ಟಾಪು ಹತ್ತಿರವಾದಾಗ ಅಷ್ಟೇ ಮಾತಾಡಿದಳು.

"ನಾನು ಚೆನ್ನಾಗಾಯ್ತು ಅಂತ ಹೇಳಿದ್ದೆ."

"ಹೌದು ಪುಟ್ಟಿ, ಆದ್ರೂ ಅಕಸ್ಮಾತ್..."

"ಆ ಅಕಸ್ಮಾತ್‌ಗೋಸ್ಕರ ಬೆಳ್ಳಿ ಕೊಟ್ರಿ. ನನ್ನ ಮಾತು ನಂಬಲಿಲ್ಲ ಅಲ್ವಾ ನೀವು? ಆವತ್ತೂ ಅಷ್ಟೇ. ನಾನು ಕಡಿಮೆ ಅಂತ ಅವರು ಹೇಳಿದ್ರು, ನೀವು ಒಪ್ಕೊಂಡ್ರಿ. ಇವತ್ತೂ ಒಪ್ಕೊಂಡ್ರಿ."

ಮಹಾಬಲೇಶ್ವರ ಇಳಿಯುವ ಗುಂಡಿ ಒತ್ತಿದ. ನಂಬಿಕೆಯಿದ್ದಿದ್ದರೆ ತಟ್ಟೆ ಎತ್ತಿಕೊಂಡು ಹೋಗುತ್ತಿದ್ದನೇ? ಈ ಪ್ರಶ್ನೆ ಅವನನ್ನು ಮನೆಯವರೆಗೂ ಹಿಂಬಾಲಿಸಿತು, ಆಮೇಲೂ ಬಿಡಲಿಲ್ಲ.

ತೀರ್ಮಾನ ಎರಡೇ ದಿನದಲ್ಲಿ ಬಂತು. ವಿದ್ಯಾರ್ಥಿನಿಯ ಮೇಲೆ ಯಾವ ಆರೋಪವೂ ಇಲ್ಲ. ಆದರೆ ತಂದೆಯ ಹೇಳಿಕೆಯ ಹಿನ್ನೆಲೆಯಲ್ಲಿ ಪತ್ರಿಕೆಯನ್ನು ಸಂಬಂಧವಿಲ್ಲದ ಇನ್ನೊಬ್ಬ ಪರೀಕ್ಷಕರು ನೋಡತಕ್ಕದ್ದು, ರಜೆ ಮುಗಿದ ನಂತರ. ಹಿತಾ ಸುಮ್ಮನೆ ಕೂರಲಿಲ್ಲ. ಕಾಲೇಜಿಗೆ ಹತ್ತು ಸಲ ಬರೆದಳು, ಫೋನ್ ಮಾಡಿದಳು. ಆ ಇನ್ನೊಬ್ಬ ಪರೀಕ್ಷಕ ಫ್ರಾನ್ಸಿನ ಯಾವುದೋ ಕಾಡಿನಲ್ಲಿ ಟೆಂಟು ಹೊಡೆದುಕೊಂಡಿದ್ದ. ಆ ದೇಶದಲ್ಲಿ ರಜೆಯಲ್ಲಿರುವವನನ್ನು ಕರೆಯುವುದೆಂದರೆ ಊಟದ ಎಲೆಯಿಂದ ಎಬ್ಬಿಸಿದಂತೆ. ವಿಶ್ವವಿದ್ಯಾಲಯಕ್ಕೆ ಬರೆದಳು. ನಿಮ್ಮ ಪರಿಸ್ಥಿತಿಗೆ ವಿಷಾದಿಸುತ್ತೇವೆ, ಒಬ್ಬರಿಗೆ ದಿನಾಂಕ ಬದಲಿಸಿದರೆ ಎಲ್ಲರಿಗೂ ಬದಲಿಸಬೇಕಾಗುತ್ತದೆ ಎಂದು ಉತ್ತರ ಬಂತು. ಆ ಉತ್ತರದಲ್ಲಿ ತಪ್ಪು ಹುಡುಕಲು ಟೆಸ್ಟಿಂಗ್ ಮುಖ್ಯಸ್ಥನಿಗೂ ಆಗಲಿಲ್ಲ. ನಾನೇ ಹೋಗಿ ಮಾತಾಡಲೇ ಎಂದು ಅವನು ಒಮ್ಮೆ ಕೇಳಿದ. ಹಿತಾ ನೋಡಿದ ನೋಟಕ್ಕೆ ಮತ್ತೆ ಕೇಳಲಿಲ್ಲ.

ಗೌರಿ ಗಣೇಶ ಬಂದು ಹೋದವು. ಊರ್ಮಿಳಾ ಕಡುಬು ಮಾಡಿದಳು, ಯಾರೂ ಎರಡನೆಯದನ್ನು ಹಾಕಿಸಿಕೊಳ್ಳಲಿಲ್ಲ. ನರಹರಿಯ ಮನೆಯಿಂದ ಆದಿತ್ಯನ ಪದವಿಯ ಊಟಕ್ಕೆ ಕರೆ ಬಂತು. ತಲೆನೋವೆಂದು ಹೇಳಿ ತಪ್ಪಿಸಿಕೊಂಡರು. ಮೂವತ್ತೊಂದನೇ ತಾರೀಖು ಭಾನುವಾರವಾಗಿತ್ತು. ಮನೆಯಲ್ಲಿ ಮೂವರೂ ಇದ್ದರು, ಆ ದಿನದ ಹೆಸರನ್ನು ಯಾರೂ ಎತ್ತಲಿಲ್ಲ.

ಸೆಪ್ಟೆಂಬರ್ ನಾಲ್ಕಕ್ಕೆ ಫಲಿತಾಂಶ ಬಂತು. ಹತ್ತಕ್ಕೆ ಎಂಟೂವರೆ. ಇಡೀ ತರಗತಿಗೇ ಹೆಚ್ಚು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ತುತ್ತನ್ನು ತಟ್ಟಿಬಿಟ್ಟ ಕೈ ಸ್ವಂತ ಅಪ್ಪನದು. ಅದೇ ವಾರ ಕಾಲೇಜಿನಿಂದ ಒಂದು ಪಾರ್ಸಲ್ಲೂ ಬಂತು. ಒಳಗೆ ಶಾಲು, ನಾಣ್ಯ, ತೆಂಗಿನಕಾಯಿ, ತೊಳೆದಿಟ್ಟ ಸ್ಟೀಲ್ ತಟ್ಟೆ, ಜೊತೆಗೊಂದು ಪಟ್ಟಿ. ಪಟ್ಟಿಯ ಕೊನೆಗೆ 'ಹಣ್ಣು ಮತ್ತು ಎಲೆ: ಕೊಳೆತಿದ್ದರಿಂದ ವಿಲೇವಾರಿ ಮಾಡಲಾಗಿದೆ' ಎಂದಿತ್ತು. ಊರ್ಮಿಳಾ ನಾಣ್ಯವನ್ನು ದೇವರ ಮುಂದೆ ಇಡಲೂ ಆರದೆ ಬೀರುವಿನಲ್ಲಿ ಇಡಲೂ ಆರದೆ ಸಕ್ಕರೆ ಡಬ್ಬಿಯ ಹಿಂದೆ ಇಟ್ಟಳು.

ಹತ್ತು ದಿನದ ಮೇಲೆ, ಒಂದು ಶನಿವಾರ ಬೆಳಗ್ಗೆ, ಮಹಾಬಲೇಶ್ವರ ಕಾಫಿ ಕುಡಿಯುತ್ತಿದ್ದಾಗ ಹಿತಾ ಬಂದು ಎದುರು ಕೂತಳು. ಮೂರು ಹಾಳೆಗಳನ್ನು ಮುಂದಿಟ್ಟಳು.

"ಅಪ್ಪ, ಇಲ್ಲೊಂದು ಸೈನ್ ಬೇಕು."

ಮಗಳು ಎರಡು ತಿಂಗಳ ಮೇಲೆ ತಾನಾಗಿ ಮಾತಾಡಿಸಿದ್ದಳು. ಅವನು ಸಡಗರದಿಂದ ಲೋಟ ಬದಿಗಿಟ್ಟು, ಜೇಬಿನಿಂದ ಪೆನ್ನು ತೆಗೆದು, ಕೊನೆಯ ಹಾಳೆ ತಿರುವಿ ಕೈ ಊರಿದ.

ಹಿತಾ ಹಾಳೆಯ ಮೇಲೆ ಅಂಗೈ ಇಟ್ಟಳು. "ಓದಿ ಅಪ್ಪ. ಒಂದೇ ಒಂದ್ಸಲ, ಓದಿ ಸೈನ್ ಮಾಡಿ."

ಅವನು ಓದಿದ. ಡಚ್ ನಿಧಾನಕ್ಕೆ ಬರುತ್ತಿತ್ತು. ಬಾಡ್‌ಹೂವೆಡಾರ್ಪಿನಲ್ಲಿ ಒಂದು ಕೋಣೆ, ಅಕ್ಟೋಬರ್ ಒಂದರಿಂದ. ಬಾಡಿಗೆಗೆ ತಂದೆಯ ಜಾಮೀನು ಬೇಕಿತ್ತು, ಸಹಿ ಅದಕ್ಕೆ. ಬಾಡಿಗೆದಾರಳ ವೃತ್ತಿ: ವಿಮಾನ ನಿಲ್ದಾಣದ ಸರಕು ಗೋದಾಮಿನಲ್ಲಿ ಪೂರ್ಣಾವಧಿ ನೌಕರಿ. ವಿದ್ಯಾರ್ಥಿಯೇ ಎಂಬ ಪ್ರಶ್ನೆಗೆ 'ಅಲ್ಲ' ಎಂದು ಗುರುತು ಹಾಕಿತ್ತು. ಅವನು ಆ ಗುರುತನ್ನು ಎರಡು ಸಲ ಓದಿದ.

"ಕಾಲೇಜು?"

"ಬಿಟ್ಟೆ. ಕಸುಬು ಕಲ್ತಿದೀನಲ್ಲ, ಸಾಕು."

"ಬೇಡ ಪುಟ್ಟಿ." 

ಮಾತು ತಾನಾಗಿ ಬಂತು. ದನಿ ದೊಡ್ಡದಾಯಿತು. "ಬೇಡ. ನಾನು ಒಪ್ಪಲ್ಲ. ಎಂಟೂವರೆ ತೆಗೆದೋಳು ನೀನು. ಗೋದಾಮಲ್ಲಿ ಡಬ್ಬ ಎತ್ತೋ ತಲೆಯಲ್ಲ ನಿಂದು. ಇದು ತಪ್ಪು, ನಾನು ಸೈನ್ ಮಾಡಲ್ಲ!" ಮೇಜು ಕುಟ್ಟಿದ. ಲೋಟದ ಕಾಫಿ ತುಳುಕಿತು. ಊರ್ಮಿಳಾ ಒಳಗಿನಿಂದ ಓಡಿ ಬಂದಳು.

ಹಿತಾಳಿಗೆ ಸಿಟ್ಟು ಬರಲಿಲ್ಲ. ಕಣ್ಣು ತುಂಬಿಕೊಂಡಿತು.

"ಎಷ್ಟು ಚೆನ್ನಾಗಿ ಹೇಳ್ತೀರ ಅಪ್ಪ ನೀವು" ಎಂದಳು. "ಇದನ್ನೇ ಮೇಸ್ಟರ್ ಕೇಸ್‌ಗೆ ಹೇಳಿದ್ರೆ ಆಗ್ತಿತ್ತು."

ಅಂಗೈ ತೆಗೆದು, ಹಾಳೆಗಳನ್ನು ಅವನ ಕಡೆಗೆ ಸರಿಸಿದಳು. ಮಹಾಬಲೇಶ್ವರ ಇನ್ನೊಂದು ಸಲ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದ. ಅದರಲ್ಲಿ ಆಕ್ಷೇಪಣೆ ಬರೆಯಲು ಖಾಲಿ ಗೆರೆಗಳಿರಲಿಲ್ಲ. ಅವನು ಸಹಿ ಹಾಕಿದ.